ಕೆಂಪು ಮಚ್ಚೆಯ ಬಾಗಿಲು

ಕನ್ನಡಕ ಮೂಗಿನ ಮೇಲೆ ನೆಟ್ಟಗೆ ನಿಲ್ಲದಿದ್ದುದೇ ಇಷ್ಟೆಲ್ಲ ರಾಮಾಯಣಕ್ಕೆ ಕಾರಣ.

ವಿಜ್ಞಾನ ಕೇಂದ್ರದ ಗ್ರಹಗಳ ಕೋಣೆಯಲ್ಲಿ ಬಂದವರಿಗೆ ವಿವರಣೆ ಹೇಳುವುದು ಮೋಡಣ್ಣನ ಕೆಲಸ. ಆ ಹೆಸರಿಟ್ಟವರು ಹೆತ್ತವರಲ್ಲ, ಜೊತೆಯಲ್ಲಿ ಕೆಲಸ ಮಾಡುವವರು. ಮಿಕ್ಕ ಗ್ರಹಗಳನ್ನು ಎರಡು ಮಾತಿನಲ್ಲಿ ಮುಗಿಸುತ್ತಿದ್ದವನು ಗುರುಗ್ರಹದ ಮುಂದೆ ನಿಂತರೆ ಅಲ್ಲೇ ಕರಗಿಹೋಗುತ್ತಿದ್ದ. ಆ ಮೋಡಗಳ ಕೆಳಗೆ ಏನಿರಬಹುದು ಎಂದು ಅವನು ಶುರು ಮಾಡಿದರೆ ಮಕ್ಕಳು ತೂಕಡಿಸಿ, ದೊಡ್ಡವರು ಗಡಿಯಾರ ನೋಡಿ, ಶನಿಯ ಕಡೆ ತಿರುಗಿಯೂ ನೋಡದೆ ಮನೆಗೆ ಹೋಗುತ್ತಿದ್ದರು.

“ಇವತ್ತು ಅಧ್ಯಕ್ಷರು ಬರ್ತಿದ್ದಾರೆ. ನಿನ್ನ ವಿವರಣೆ ಮೆಚ್ಚಿದ್ರೆ ಕೆಲಸ ಕಾಯಂ,” ಎಂದು ಮ್ಯಾನೇಜರು ಬೆಳಿಗ್ಗೆಯೇ ಹೇಳಿದ್ದರು. “ಗುರುಗ್ರಹದೊಳಗೆ ಇಳಿದುಬಿಟ್ಟೆಯೋ, ಸೀದಾ ಮನೆಗೆ.”

ಹೆಂಡತಿಯೂ ಇಸ್ತ್ರಿ ಮಾಡಿದ ಅಂಗಿ ಕೈಗಿಡುತ್ತಾ, “ಇವತ್ತೊಂದು ದಿನ ನೆಲದ ಮೇಲೆ ನಿಂತು ಮಾತಾಡಿ,” ಎಂದಿದ್ದಳು.

ಗುರುಗ್ರಹವೆಂದರೆ ಮರದ ಚೌಕಟ್ಟಿಗೆ ಬಟ್ಟೆ ಬಿಗಿದು ಪಟ್ಟೆ ಪಟ್ಟೆಯಾಗಿ ಬಣ್ಣ ಬಳಿದ ಆಳೆತ್ತರದ ಗೋಳ. ಒಳಗಿನ ಬಲ್ಬು ಬದಲಿಸಲೆಂದು ಬಡಗಿ ಅದರ ದೊಡ್ಡ ಕೆಂಪು ಮಚ್ಚೆಯನ್ನೇ ಬಾಗಿಲು ಮಾಡಿಟ್ಟಿದ್ದ. ಯಾರೂ ಇಲ್ಲದ ಹೊತ್ತಿನಲ್ಲಿ ಆ ಬಾಗಿಲಲ್ಲಿ ತಲೆ ತೂರಿಸಿ ನಿಲ್ಲುವುದು ಮೋಡಣ್ಣನ ಗುಟ್ಟಿನ ಸುಖ. ಅಂದೂ ಹಾಗೆ ನಿಂತ. ಕನ್ನಡಕ ಜಾರಿ ಒಳಗೆ ಬಿತ್ತು. ಹುಡುಕಲು ಒಳಗಿಳಿದ.

ಇಳಿದವನಿಗೆ ಕನ್ನಡಕ ಮರೆತೇ ಹೋಯಿತು. ಕಿತ್ತಳೆ, ಕೆನೆ, ಕಂದು ಬಣ್ಣದ ಬೆಳಕು ಸುತ್ತಲಿಂದಲೂ ಸೋಸಿ ಬರುತ್ತಿತ್ತು. ಮಂಜುಗಣ್ಣಿಗೆ ಎಲ್ಲವೂ ಮೋಡವೇ. ಕೂತಲ್ಲೇ ಮೆಲ್ಲಗೆ ಕೆಳಗೆ, ಇನ್ನೂ ಕೆಳಗೆ ತೇಲುತ್ತಾ ಹೋದಂತೆ ಅನಿಸಿತು. ಇಷ್ಟು ನೆಮ್ಮದಿ ಅವನಿಗೆ ಮನೆಯಲ್ಲೂ ಸಿಕ್ಕಿರಲಿಲ್ಲ.

ಹಿಂದೊಮ್ಮೆ ಈ ಬಾಗಿಲು ಕಳಚಿ ಒಬ್ಬ ಗಣ್ಯರ ಕಾಲ ಮೇಲೆ ಬಿದ್ದಿತ್ತು. ಅಂದಿನಿಂದ ಗಣ್ಯರು ಬರುವ ದಿನ ಕೆಂಪು ಮಚ್ಚೆಗೆ ಸುತ್ತಲೂ ಅಂಟು ಬಳಿದು ಮುಚ್ಚುವುದು ಬಡಗಿಯ ಪದ್ಧತಿ. ಅಂದೂ ಮುಚ್ಚಿದ. ಇಣುಕಿ ನೋಡುವ ಪದ್ಧತಿ ಅವನಿಗಿರಲಿಲ್ಲ.

“ಯಾರಪ್ಪಾ ಅಲ್ಲಿ? ನಾನು ಒಳಗಿದ್ದೀನಿ.”

ಬಡಗಿ ಬೆಚ್ಚಿಬಿದ್ದು ಮ್ಯಾನೇಜರನ್ನು ಕರೆತಂದ. “ಅಂಟು ಹಿಡ್ಕೊಂಡುಬಿಟ್ಟಿದೆ ಸಾರ್. ಸಂಜೆ ನೀರು ಹಚ್ಚಿ ನಿಧಾನಕ್ಕೆ ಬಿಡಿಸ್ಬೇಕು. ಈಗ ಎಳೆದ್ರೆ ಬಟ್ಟೆ ಹರಿಯುತ್ತೆ.”

“ಹರಿದ್ರೆ ನನ್ನ ಮಾನ ಹೋಗುತ್ತೆ. ಮಾರಾಯ, ಒಳಗೆ ಉಸಿರೆತ್ತಬೇಡ.”

“ಮತ್ತೆ ನನ್ನ ಕಾಯಂ?” ಎಂದಿತು ಗುರುಗ್ರಹ.

ಅಷ್ಟರಲ್ಲಿ ಅಧ್ಯಕ್ಷರು ಊರುಗೋಲು ಕುಟ್ಟುತ್ತಾ ಒಳಗೆ ಬಂದರು. ವಯಸ್ಸಾದ ಹೆಂಗಸು, ನಗು ಅಪರೂಪ. “ಎಲ್ಲಿ ನಿಮ್ಮ ವಿವರಣೆಗಾರ?” ಎಂದು ಕೇಳಿದರು. ಮ್ಯಾನೇಜರು ಬೆವರು ಒರೆಸಿಕೊಂಡರು. ಅಧ್ಯಕ್ಷರು ಕೋಲಿನಿಂದ ಗೋಳವನ್ನು ತಟ್ಟಿ, “ಹೋಗಲಿ, ನೀವೇ ಹೇಳಿ. ಈ ಮೋಡದ ಕೆಳಗೆ ಏನಿದೆ?” ಎಂದರು.

ಪ್ರಪಂಚದಲ್ಲಿ ಮೋಡಣ್ಣ ತಡೆದುಕೊಳ್ಳಲಾರದ ಪ್ರಶ್ನೆ ಅದೊಂದೇ.

“ಕೆಳಗೆ ಇಳೀತಾ ಹೋಗಿ,” ಎಂದಿತು ಗುರುಗ್ರಹ ಮೆಲುದನಿಯಲ್ಲಿ. “ಮೊದಲು ಬಿಳಿ ಮೋಡ, ಆಮೇಲೆ ಕಂದು ಮೋಡ, ಅದರ ಕೆಳಗೆ ನೀರಿನ ಮೋಡ. ಅಲ್ಲಲ್ಲಿ ಮಿಂಚು. ಆಮೇಲೆ ಕತ್ತಲು. ಗಾಳಿ ದಪ್ಪ ಆಗ್ತಾ ಆಗ್ತಾ, ಗಾಳಿ ಎಲ್ಲಿ ಮುಗೀತು ಸಮುದ್ರ ಎಲ್ಲಿ ಶುರುವಾಯ್ತು ಅಂತ ಗೊತ್ತೇ ಆಗಲ್ಲ. ದಡ ಇಲ್ಲ, ಅಲೆ ಇಲ್ಲ. ಕಾಲೂರೋಕೆ ನೆಲಾನೇ ಇಲ್ಲ.”

“ಇನ್ನೂ ಕೆಳಗೆ?” ಅಧ್ಯಕ್ಷರ ದನಿ ಸಣ್ಣದಾಗಿತ್ತು.

“ಒಂದು ಯಂತ್ರ ಇಳಿದಿತ್ತು. ಒಂದು ಗಂಟೆ ಹೊತ್ತು ಮಾತಾಡ್ತು, ಆಮೇಲೆ ಸುಮ್ಮನಾಯ್ತು. ಅದು ಏನು ನೋಡ್ತೋ, ಅದಕ್ಕೇ ಗೊತ್ತು.”

ಅಧ್ಯಕ್ಷರು ಕಣ್ಣೊರೆಸಿಕೊಂಡರು. “ಚಿಕ್ಕವಳಿದ್ದಾಗ ಇದನ್ನೇ ಕೇಳಿದ್ದೆ. ಬಾಯ್ಮುಚ್ಚು ಅಂದಿದ್ರು,” ಎಂದರು. ಅವರ ಮನಸ್ಸು ನಿಜಕ್ಕೂ ತುಂಬಿ ಬಂದಿತ್ತು.

ಗುರುಗ್ರಹ ಜೋರಾಗಿ ಸೀನಿತು.

“ಹೊಸ ಯಂತ್ರ ಮೇಡಂ,” ಎಂದರು ಮ್ಯಾನೇಜರು ಗಾಬರಿಯಲ್ಲಿ. “ಸ್ವಲ್ಪ ಧೂಳು ಕೂತಿದೆ.”

ಸಂಜೆ ಬಡಗಿ ಅಂಟು ಬಿಡಿಸಿದಾಗ ಮೋಡಣ್ಣ ತೆವಳಿಕೊಂಡು ಹೊರಗೆ ಬಂದ. ಇಷ್ಟು ಹೊತ್ತು ಕೂತಿದ್ದು ಕನ್ನಡಕದ ಮೇಲೆಯೇ ಎಂದು ಆಗ ಗೊತ್ತಾಯಿತು. ಆದರೂ ಅವನ ಮುಖ ಅರಳಿತ್ತು.

“ಮೆಚ್ಚಿದ್ರು ತಾನೇ ಸಾರ್?”

“ತುಂಬಾ. ಇಂಥ ಯಂತ್ರ ಇರುವಾಗ, ಕರೆದ ಹೊತ್ತಿಗೆ ನಾಪತ್ತೆಯಾಗೋ ವಿವರಣೆಗಾರ ಯಾಕೆ ಅಂದ್ರು. ಆ ಹುದ್ದೆ ರದ್ದು. ಯಂತ್ರ ಕಾಯಂ.”

ಮೋಡಣ್ಣ ಚಪ್ಪಟೆಯಾದ ಕನ್ನಡಕವನ್ನು ಮೂಗಿಗೇರಿಸಿದ. “ಯಂತ್ರ ಅಂದ್ರೆ ನಾನೇ ಅಲ್ವಾ ಸಾರ್? ಹಾಗಾದ್ರೆ ನಾನೇ ಕಾಯಂ.”

“ಯಂತ್ರ ಕಾಯಂ ಅಂದೆ. ನೀನು ತಾತ್ಕಾಲಿಕವಾಗಿ ಯಂತ್ರ,” ಎಂದು ಮ್ಯಾನೇಜರು ದೀಪ ಆರಿಸಿದರು. “ನಾಳೆ ಬೇಗ ಬಾ, ಅಂಟು ಹಾಕೋಕೆ ಮುಂಚೆ.”