‘ಬೇಡ’ ಹೇಳಲು ಕಳಸೂಬಾಯಿ ಹತ್ತಿದ್ದು

ಬಹಳ ಜನರಿಗೆ ‘ಆಗುವುದಿಲ್ಲ’ ಎಂದು ಬಾಯಿಬಿಟ್ಟು ಹೇಳಲು ಬರುವುದಿಲ್ಲ. ‘ನೋಡೋಣ’ ಎನ್ನುತ್ತಾರೆ, ‘ಮಳೆಗಾಲ ಮುಗಿಯಲಿ’ ಎನ್ನುತ್ತಾರೆ, ಏನೂ ಹೊಳೆಯದಿದ್ದರೆ ‘ದೇವರು ದೊಡ್ಡವನು’ ಎನ್ನುತ್ತಾರೆ. ಕೊನೆಗೆ ಹೇಳಲೇಬೇಕಾದ ಹೊತ್ತು ಬಂದಾಗ ಬೇರೊಬ್ಬರ ಬಾಯಿಂದ ಹೇಳಿಸುತ್ತಾರೆ. ಚೆಂಬೂರಿನ ನಮ್ಮ ಕಾಲನಿಯ ಕನ್ನಡದ ಮನೆಗಳ ಮಟ್ಟಿಗೆ ಆ ಬಾಯಿ ನನ್ನದು. ಈ ಕೆಲಸ ನನ್ನ ಕೊರಳಿಗೆ ಬಿದ್ದದ್ದು ಒಂದು ಸಂಬಂಧದ ಮಾತಿನಿಂದ. ಪರಿಚಯದವರೊಬ್ಬರ ಮಗಳಿಗೆ ಬಂದ ವರ ಮನೆಯವರಿಗೆ ಒಪ್ಪಿಗೆಯಾಗಿರಲಿಲ್ಲ. ಅದನ್ನು ಹುಡುಗನ ಕಡೆಯವರಿಗೆ ತಿಳಿಸಲು ನನ್ನನ್ನು ಕಳಿಸಿದರು. ನಾನು ಹೋಗಿ, ಅವರು ಕೊಟ್ಟ ಉಪ್ಪಿಟ್ಟು ತಿಂದು, ಚಹಾ ಕುಡಿದು, ದೇಶದ ರಾಜಕೀಯವನ್ನೆಲ್ಲ ಮಾತಾಡಿ ಮುಗಿಸಿ, ಚಪ್ಪಲಿ ಮೆಟ್ಟುವಾಗ ‘ಜಾತಕ ಕೂಡಲಿಲ್ಲ’ ಎಂದೆ. ಅವರು ಸಿಟ್ಟಾಗಲಿಲ್ಲ, ಪಾಪ, ನನಗೇ ಸಮಾಧಾನ ಹೇಳಿ ಕಳಿಸಿದರು. ಅಂದಿನಿಂದ ನನ್ನ ಹೆಸರು ಹಬ್ಬಿತು. ಗಣೇಶೋತ್ಸವದ ನಾಟಕದಲ್ಲಿ ಹಾಡಿಯೇ ತೀರುತ್ತೇನೆನ್ನುವ ಅಪಸ್ವರದವರಿಗೆ, ಟೆರೇಸಿನ ಮೇಲೆ ನಾಯಿಗೆ ಗೂಡು ಕಟ್ಟುತ್ತೇನೆನ್ನುವವರಿಗೆ, ಎಲ್ಲರಿಗೂ ‘ಬೇಡ’ ಮುಟ್ಟಿಸುವವನು ನಾನೇ. ‘ನಿಮ್ಮ ಮುಖದಾಗ ಹುಟ್ಟಿನಿಂದನ ಒಂದು ಸೂತಕದ ಕಳೆ ಐತಿ, ಅದಕ್ಕ ಜನ ನಂಬತಾರ’ ಎಂಬುದು ನನ್ನ ಹೆಂಡತಿಯ ಅಭಿಪ್ರಾಯ.

ಹೀಗಿರುವಾಗ ಒಂದು ದಿನ ಭಾಸ್ಕರ ಶೆಟ್ಟರು ನನ್ನ ಹೆಗಲ ಮೇಲೆ ಕೈಹಾಕಿದರು. ಶೆಟ್ಟರು ನನ್ನ ಲೋಕಲ್ ಗೆಳೆಯರು. ಅಂದರೆ, ಒಬ್ಬರ ಮನೆಗೆ ಒಬ್ಬರು ಕಾಲಿಡುವ ಮೊದಲೇ ವರ್ಷಗಟ್ಟಲೆ ಹಾರ್ಬರ್ ಲೈನಿನ ಗಾಡಿಯಲ್ಲಿ ಒಬ್ಬರ ಬೆವರನ್ನು ಒಬ್ಬರು ಒರೆಸಿಕೊಂಡು ನಿಂತವರು. ಉಡುಪಿಯ ಕಡೆಯವರು, ವಡಾಲದಲ್ಲಿ ಅವರದೊಂದು ಸಣ್ಣ ಹೋಟೆಲಿದೆ. ಚೆಂಬೂರಿನಲ್ಲಿ ನಮ್ಮ ಜೊತೆ ಹತ್ತುವ ಮೂರನೆಯವರು ವಿಜಯಪುರದ ರಾಜೇಸಾಬರು. ಎಸಿ ರಿಪೇರಿ ಮಾಡುತ್ತಾರೆ. ವಡಾಲದಲ್ಲಿ ಶೆಟ್ಟರು ಇಳಿದುಹೋದ ಮೇಲೆ ನಾನೂ ರಾಜೇಸಾಬರೂ ಅಲ್ಲಿಯೇ ಗಾಡಿ ಬದಲಿಸಿ ಅಂಧೇರಿಗೆ ಹೋಗುತ್ತೇವೆ, ಅವರು ಎಸಿ ಇಳಿಸಲು, ನಾನು ನನ್ನ ಆಫೀಸಿನ ಎಸಿಯ ಕೆಳಗೆ ಕೂರಲು.

ಶೆಟ್ಟರ ಸಂಕಟವೆಂದರೆ ಮಗಳು ನಿಕಿತಾ. ವಾರವೆಲ್ಲ ಅಂಧೇರಿಯ ಒಂದು ಕಂಪನಿಯಲ್ಲಿ ಕೆಲಸ ಮಾಡುವ ಈ ಹುಡುಗಿ ಶನಿವಾರ ಬಂತೆಂದರೆ ಹಗ್ಗ, ಬೂಟು ಕಟ್ಟಿಕೊಂಡು ಗುಡ್ಡ ಹತ್ತಲು ಹೋಗುತ್ತಾಳೆ. ಹತ್ತಲು ಬಾರದವರನ್ನೂ ಕರೆದುಕೊಂಡು ಹೋಗುತ್ತಾಳೆ. ಈಗ ಹಿಮಾಲಯದಲ್ಲಿ ಪರ್ವತಾರೋಹಣದ ತರಬೇತಿಗೆ ಸೀಟು ಸಿಕ್ಕಿತ್ತು. ಅದಾದ ಮೇಲೆ ನೌಕರಿ ಬಿಟ್ಟು ಇದನ್ನೇ ಉದ್ಯೋಗ ಮಾಡಿಕೊಳ್ಳುವುದು ಅವಳ ಆಸೆ. ಅಪ್ಪನ ಒಪ್ಪಿಗೆಯಿಲ್ಲದೆ ಹೋಗುವುದಿಲ್ಲವೆಂದು ಹಟ ಹಿಡಿದಿದ್ದಳು, ಆದರೆ ಸೋಮವಾರದೊಳಗೆ ಹೂಂ ಅಥವಾ ಊಹೂಂ ಏನಾದರೊಂದು ಬೇಕೆಂದಿದ್ದಳು.

“ನನಗೆ ನಿದ್ದೆ ಬರುದಿಲ್ಲ ದೇಸಾಯಿಯವರೇ,” ಎಂದರು ಶೆಟ್ಟರು. “ಬೇಡ ಅಂತ ಅವಳ ಮುಖ ನೋಡಿ ಹೇಳ್ಲಿಕ್ಕೆ ನನ್ನಿಂದ ಆಗುದಿಲ್ಲ ಮಾರಾಯ್ರೇ. ಭಾನುವಾರ ನನ್ನನ್ನು ಕಳಸೂಬಾಯಿಗೆ ಕರ್ಕೊಂಡು ಹೋಗ್ತಾಳಂತೆ, ಕಣ್ಣಾರೆ ನೋಡಿ ತೀರ್ಮಾನ ಮಾಡಿ ಅಂತ. ನೀವೂ ಬನ್ನಿ. ಬಂದು, ಇದೆಲ್ಲ ಡೇಂಜರ್, ಬೇಡ ಮಗಾ ಅಂತ ಹೇಳಿಬಿಡಿ.”

“ಅದನ್ನ ಇಲ್ಲೇ ಚೆಂಬೂರಾಗ ನಿಂತು ಹೇಳಿದ್ರ ಆಗೂದಿಲ್ಲೇನ್ರೀ?” ಎಂದೆ.

“ಹತ್ತದೆ ಹೇಳಿದ್ರೆ ಅವಳು ಕೇಳುದಿಲ್ಲ.”

ಕಳಸೂಬಾಯಿ ಎಂದರೆ ಮಹಾರಾಷ್ಟ್ರದಲ್ಲೇ ಅತಿ ಎತ್ತರದ ಶಿಖರ. ಲಿಫ್ಟ್ ಕೆಟ್ಟ ದಿನ ಹಾಲು ತರಲು ಕೆಳಗಿಳಿಯದೆ ಕರಿ ಚಹಾ ಕುಡಿಯುವವನು ನಾನು. ಆದರೂ ಒಪ್ಪಿದೆ. ಒಬ್ಬ ಹುಡುಗಿಯ ಭವಿಷ್ಯದ ತೀರ್ಪು ನನ್ನ ನಾಲಿಗೆಯ ಮೇಲಿದೆ ಎನ್ನುವುದು ಸಣ್ಣ ಮಾತಲ್ಲ. ನಿಜ ಹೇಳಬೇಕೆಂದರೆ ಮನಸ್ಸಿಗೆ ಒಳಗೊಳಗೇ ಹಿತವಾಗಿತ್ತು. ರಾಜೇಸಾಬರು ಯಾರೂ ಕರೆಯದೆ ಹೊರಟರು. “ಮಳಿಗಾಲದಾಗ ಎಸಿ ಯಾರಿಗೆ ಬೇಕ್ರೀ? ಖಾಲಿ ಅದೀನಿ, ಬರ್ತೀನಿ,” ಎಂದರು.

ಭಾನುವಾರ ಬೆಳಗಿನ ಗಾಡಿ ಹಿಡಿದು ಕಸಾರಾಕ್ಕೆ ಹೋಗಿ, ಅಲ್ಲಿಂದ ಜೀಪಿನಲ್ಲಿ ಗುಡ್ಡದ ಬುಡದ ಊರು ತಲುಪಿದೆವು. ಗುಡ್ಡ ಕಾಣಲಿಲ್ಲ. ಅದು ಇರಬೇಕಾದ ಕಡೆ ಮೋಡವಿತ್ತು, ಜಿಟಿಜಿಟಿ ಮಳೆಯಿತ್ತು, ನಮ್ಮ ಹಾಗೆಯೇ ಭಾನುವಾರ ಕಳೆಯಲು ಬಂದ ಅರ್ಧ ಮುಂಬಯಿಯಿತ್ತು. ಎಲ್ಲರೂ ಒಂದೇ ಅಂಗಡಿಯಲ್ಲಿ ಕೊಂಡಂತೆ ನೀಲಿ ಪ್ಲಾಸ್ಟಿಕ್ ರೇನ್‌ಕೋಟ್ ತೊಟ್ಟಿದ್ದರು, ನಾವೂ ಸೇರಿ. ನಿಕಿತಾ ಮಾತ್ರ ಕೆಂಪು. ಅವಳು ನಮ್ಮನ್ನು ಸಾಲಾಗಿ ನಿಲ್ಲಿಸಿ ತನ್ನ ಕನ್ನಡದಲ್ಲಿ ಹೇಳಿದಳು: “ಅಂಕಲ್, ಮಾರ್ನಿಂಗ್ ಠೀಕ್ ಇದೆ. ಮಧ್ಯಾಹ್ನ ಹವಾ ಜೋರು ಬರ್ತದೆ. ಅದಕ್ಕಿಂತ ಮೊದಲು ಮೇಲೆ ಹೋಗಿ ನೀಚೆ ಬರ್ಬೇಕು. ಮತ್ತೆ, ಎಲ್ಲಿ ನಿಂತ್ರೂ, ನಾನು ಕೌಂಟ್ ಮಾಡದೆ ಯಾರೂ ಹಿಲ್‌ನಾ ನಹೀ, ಅಲ್ಲಾಡ್ಬಾರ್ದು.”

ಹತ್ತಲು ಶುರುಮಾಡಿದೆವು. ನಾನು ‘ಬೇಡ’ ಎನ್ನಲು ಹೆಜ್ಜೆಗೊಂದು ಕಾರಣ ಕೂಡಿಸುತ್ತ ನಡೆದೆ. ಕೆಸರಿನಲ್ಲಿ ಜಾರಿ ಕೂತೆ, ಅದೊಂದು ಕಾರಣ. ಬಂಡೆಯ ಮೇಲಿಂದ ನೀರು ಬೂಟಿನೊಳಗೆ ಇಳಿಯಿತು, ಇನ್ನೊಂದು. ಒಂದು ಕೋತಿ ನನ್ನ ಚಪಾತಿಯ ಗಂಟು ಕಸಿದುಕೊಂಡು ಹೋದಾಗ ಹೊಟ್ಟೆ ಉರಿದರೂ, ತೀರ್ಪಿಗೆ ಬಲ ಬಂತೆಂದು ಸಮಾಧಾನಪಟ್ಟುಕೊಂಡೆ. ಬಂಡೆ ಕಡಿದಾದ ಕಡೆ ಕಬ್ಬಿಣದ ಏಣಿಗಳನ್ನು ನಿಲ್ಲಿಸಿದ್ದಾರೆ. ಮೊದಲ ಏಣಿ ಕಂಡದ್ದೇ ರಾಜೇಸಾಬರಿಗೆ ಚೆಂಬೂರು ಸ್ಟೇಷನ್ ನೆನಪಾಗಿರಬೇಕು, ಮೊಣಕೈ ಅಗಲಿಸಿ, “ಚಲೋ ಚಲೋ, ಅಂದರ್ ಚಲೋ,” ಎನ್ನುತ್ತ ನುಗ್ಗಿಯೇಬಿಟ್ಟರು. ನಿಕಿತಾ ಅವರ ರೇನ್‌ಕೋಟಿನ ಟೊಪ್ಪಿಗೆ ಹಿಡಿದು ಎಳೆದು ನಿಲ್ಲಿಸಿದಳು. “ಗಾಡಿ ಬಿಟ್ಟು ಹೋಗಲ್ಲ ಚಾಚಾ. ಏಣಿ ಇಲ್ಲೇ ಇರ್ತದೆ,” ಎಂದಳು. ಶೆಟ್ಟರು ಮಗಳನ್ನೇ ನೋಡುತ್ತಿದ್ದರು, ಕಾಲಿಡುವ ಜಾಗವನ್ನಲ್ಲ. ಅವಳು ಒಮ್ಮೆ ಒಂದು ಕೈ ಬಿಟ್ಟು ಬಗ್ಗಿ ನಮ್ಮನ್ನು ಎಣಿಸಿದಾಗ ಅವರು ಕಣ್ಣು ಮುಚ್ಚಿಕೊಂಡರು.

ತುದಿ ಇನ್ನೇನು ಬಂತು ಎನ್ನುವಲ್ಲಿ ತಾಡಪತ್ರಿ ಕಟ್ಟಿದ ಒಂದು ಚಹಾದ ಗುಡಿಸಲಿದೆ. ಅಲ್ಲಿಂದಾಚೆ ಒಂದು ದೊಡ್ಡ ಏಣಿ, ಅದರ ಮೇಲೆ ಶಿಖರ, ಶಿಖರದ ಮೇಲೆ ದೇವಿಯ ಗುಡಿ. “ಎಲ್ಲರೂ ಇಲ್ಲೇ ಕೂತ್ಕೊಳ್ಳಿ. ನಾನು ಲಾಸ್ಟ್ ಏಣಿ ನೋಡಿ ದೋ ಮಿನಿಟ್‌ನಲ್ಲಿ ಬರ್ತೇನೆ,” ಎಂದು ಹೇಳಿ ನಿಕಿತಾ ಮಂಜಿನೊಳಗೆ ಹೋದಳು. ರಾಜೇಸಾಬರು ಕಾಂದಾಭಜಿ ಕರಿಯುವ ಬಾಣಲೆಯ ಪಕ್ಕ ಕೈ ಕಾಯಿಸುತ್ತ ಕುಳಿತರು. ಚಹಾ ಮುಗಿಸಿದ ನಾನೂ ಶೆಟ್ಟರೂ ಕಾಲು ನೀಡಲು ಹೊರಗೆ ಬಂದೆವು.

ಹೊರಗೆ ಒಂದು ಸಾಲು ಹೋಗುತ್ತಿತ್ತು.

ಇಲ್ಲಿ ನಾನು ಓದುಗರಿಗೆ ಒಂದು ಮಾತು ಹೇಳಬೇಕು. ವಡಾಲದ ಬ್ರಿಡ್ಜಿನ ಮೇಲೆ ಬೆಳಗಿನ ಹೊತ್ತು ಯಾರೂ ನಡೆಯುವುದಿಲ್ಲ. ಜನರ ನಡುವೆ ಸೇರಿಕೊಂಡು ಸುಮ್ಮನಿದ್ದರೆ ಸಾಕು, ಅವರೇ ಅಂಧೇರಿ ಗಾಡಿಯ ಪ್ಲಾಟ್‌ಫಾರ್ಮಿಗೆ ಮುಟ್ಟಿಸುತ್ತಾರೆ. ಮುಂಬಯಿಯಲ್ಲಿ ದಾರಿ ಕೇಳುವವನು ಹೊಸಬ. ಹಳಬನಾದವನು ಮುಂದಿನವನ ಬೆನ್ನು ನೋಡಿಕೊಂಡು ಹೋಗುತ್ತಾನೆ. ನಾನು ಈ ಊರಿನಲ್ಲಿ ಇಷ್ಟು ವರ್ಷ ತಪ್ಪದೆ ಆಫೀಸು ಸೇರಿದ್ದು ಹೀಗೆಯೇ. ಆದ್ದರಿಂದ ಮಂಜಿನಲ್ಲಿ ನೀಲಿ ಬೆನ್ನುಗಳ ಸಾಲು ಕಂಡಕೂಡಲೇ ನನ್ನ ಕಾಲು ನನ್ನನ್ನು ಕೇಳದೆ ಅದರ ಹಿಂದೆ ಹೊರಟಿತು. ಶೆಟ್ಟರ ತೋಳನ್ನೂ ಹಿಡಿದುಕೊಂಡೆ. “ಬರ್ರಿ, ಲೈನು ಹೊಂಟೈತಿ,” ಎಂದೆ. ಅವರೂ ಹಳೆಯ ಮುಂಬಯಿಯವರೇ, ಬಂದರು. ಸ್ವಲ್ಪ ಹೊತ್ತಿನಲ್ಲಿ ಉಬ್ಬಸ ಕಡಿಮೆಯಾಯಿತು, ಮೊಣಕಾಲಿನ ನೋವು ಇಳಿಯಿತು. “ರೂಢಿ ಆತಂದ್ರ ಗುಡ್ಡ ಹತ್ತೂದು ಎಷ್ಟು ಹಗುರ ನೋಡ್ರಿ ಶೆಟ್ಟರ,” ಎಂದು ಹೇಳಿದ್ದೂ ನೆನಪಿದೆ. ಹಾಗೆಯೇ ಹೋಗಿ ಒಂದು ಏಣಿಯ ಹತ್ತಿರ ಬಂದೆವು. ನೋಡಿದರೆ ಜನ ಬೆನ್ನು ತಿರುಗಿಸಿಕೊಂಡು ಕೆಳಗೆ ಇಳಿಯುತ್ತಿದ್ದಾರೆ. ಮುಂದಿದ್ದ ನೀಲಿ ರೇನ್‌ಕೋಟನ್ನು ತಟ್ಟಿ, ಶಿಖರ ಇನ್ನೆಷ್ಟು ದೂರ ಎಂದು ಮರಾಠಿಯಲ್ಲಿ ಕೇಳಿದೆ. ಅವನು ತಿರುಗಿ, “ಕಾಕಾ, ಶಿಖರ್ ಮಾಗೇ ರಾಹಿಲಂ,” ಎಂದ. ಶಿಖರ ಹಿಂದೆ ಉಳಿದಿತ್ತು. ಅವರು ತುದಿ ಮುಟ್ಟಿ ಮನೆಗೆ ಹೊರಟ ಡೊಂಬಿವಲಿಯ ತಂಡ.

ಅವರು ಇಳಿದುಹೋದರು. ಮಂಜಿನಲ್ಲಿ ನಾವಿಬ್ಬರೇ ಉಳಿದೆವು. ಹಿಂದಿರುಗೋಣವೆಂದರೆ ಬಂದ ದಾರಿ ಕಾಣುವುದಿಲ್ಲ. ಅಷ್ಟು ಹೊತ್ತಿಗೆ ಗಾಳಿಯೂ ಎದ್ದಿತು. ರೇನ್‌ಕೋಟು ಮೈಗೆ ಫಟಫಟ ಬಡಿಯತೊಡಗಿತು. ನನಗೆ ಹೆದರಿಕೆಯಾಯಿತು, ಅದರಲ್ಲಿ ಮುಚ್ಚಿಡುವಂಥದ್ದೇನಿಲ್ಲ. ಒಂದು ಬಂಡೆಯನ್ನು ತಬ್ಬಿಕೊಂಡು ಕುಳಿತೆ. ಶೆಟ್ಟರು ಕೂರಲಿಲ್ಲ. “ಅವಳು ನಮ್ಮನ್ನು ಹುಡುಕ್ಲಿಕ್ಕೆ ಎಲ್ಲೆಲ್ಲಿ ಹೋಗ್ತಾಳೋ, ಈ ಗಾಳಿಗೆ,” ಎಂದು ಅದನ್ನೇ ಹೇಳುತ್ತಿದ್ದರು. ನನ್ನ ತೀರ್ಪಿಗೆ ಇದಕ್ಕಿಂತ ದೊಡ್ಡ ಕಾರಣ ಬೇಕಿರಲಿಲ್ಲ. ಆದರೆ ಅದು ಸಿಕ್ಕಿದ್ದು ನನ್ನಿಂದಲೇ.

ಆಮೇಲೆ ಸೀಟಿಯ ಸದ್ದು ಕೇಳಿತು. ಮಂಜಿನಿಂದ ಕೆಂಪು ರೇನ್‌ಕೋಟು ಬಂತು, ಅದರ ಬೆನ್ನು ಚೀಲದ ಪಟ್ಟಿ ಹಿಡಿದುಕೊಂಡು ರಾಜೇಸಾಬರು. ನಿಕಿತಾ ಬೈಯುತ್ತಾಳೆಂದು ತಲೆ ತಗ್ಗಿಸಿದೆ. ಅವಳು ಮೊದಲು ಅಪ್ಪನ ಎರಡೂ ಭುಜ ಹಿಡಿದು ನೋಡಿದಳು, ನನ್ನನ್ನು ಬಂಡೆಯಿಂದ ಬಿಡಿಸಿದಳು, “ಏಕ್, ದೋ, ತೀನ್,” ಎಂದು ಗಟ್ಟಿಯಾಗಿ ಎಣಿಸಿದಳು. ಆಮೇಲೆ ನನ್ನ ಕಡೆ ತಿರುಗಿ, “ಇದು ಸ್ಟೇಷನ್ ಅಲ್ಲ ಅಂಕಲ್. ಪಬ್ಲಿಕ್ ಕೆ ಪೀಛೆ ನಹೀ ಜಾನೇ ಕಾ, ಜನ ಹೋದ್ರು ಅಂತ ಹಿಂದೆ ಹೋಗ್ಬಾರ್ದು,” ಎಂದಳು. ಅಷ್ಟೇ.

ನಮ್ಮನ್ನು ಹುಡುಕುವುದರಲ್ಲಿ ಹೊತ್ತು ಹೋಗಿತ್ತು. ಗುಡಿಸಲಿನ ಹತ್ತಿರ ವಾಪಸು ಬಂದಾಗ ಮಂಜು ಒಂದು ಗಳಿಗೆ ಸರಿದು ಕೊನೆಯ ಏಣಿ ಕಾಣಿಸಿತು. ಗಾಳಿಗೆ ಅದರ ಸರಳುಗಳು ಸಿಳ್ಳೆ ಹಾಕುತ್ತಿದ್ದವು. ಕೆಲವರು ಹತ್ತುತ್ತಲೂ ಇದ್ದರು. ಆಗ ನಾನು ನಿರೀಕ್ಷಿಸದ್ದು ನಡೆಯಿತು: ‘ಬೇಡ’ ಎಂದು ಹೇಳಿಸಲು ಬಂದ ಶೆಟ್ಟರೇ ಹತ್ತಲು ಹೊರಟರು. “ಇಷ್ಟು ದೂರ ಬಂದು ಒಂದು ಏಣಿಗೆ ಬಿಡುದಾ? ದೇವಿಗೆ ಕೈಮುಗಿದು ಬರುವ. ಅವರೆಲ್ಲ ಹತ್ತುದಿಲ್ವಾ?” ಎಂದರು.

“ಬೇಡ ಪಪ್ಪಾ,” ಎಂದಳು ನಿಕಿತಾ.

“ಒಂದೇ ಏಣಿ ಮಗಾ. ನಾನು ನಿನ್ನ ಅಪ್ಪ, ಹೇಳ್ತಾ ಇದ್ದೇನೆ.”

“ಅಪ್ಪ ಅಂತಾನೇ ಬೇಡ. ಹವಾ ಬಂತು. ಟೈಮ್ ಹೋಯ್ತು. ನಾವು ಇಳೀತೇವೆ.”

ಅವಳು ಅವರ ಮುಖ ನೋಡಿಯೇ ಹೇಳಿದಳು. ಜಾತಕದ ನೆಪವಿಲ್ಲ, ಉಪ್ಪಿಟ್ಟಿಲ್ಲ, ದೇವರು ದೊಡ್ಡವನೆಂಬ ಸಮಾಧಾನವಿಲ್ಲ. ಇಷ್ಟು ವರ್ಷ ‘ಬೇಡ’ವನ್ನು ಮನೆಮನೆಗೆ ಹಂಚಿದ ನಾನು ಅದನ್ನು ಇಷ್ಟು ಚೊಕ್ಕವಾಗಿ ಯಾರೂ ಹೇಳಿದ್ದನ್ನು ಕೇಳಿರಲಿಲ್ಲ. ಅವಳಿಗೂ ಆ ತುದಿ ಬೇಕಿತ್ತು. ಅಪ್ಪನನ್ನು ಅಲ್ಲಿ ನಿಲ್ಲಿಸಿ ‘ಈಗ ಹೇಳಿ’ ಎಂದು ಕೇಳಲೆಂದೇ ಕರೆತಂದಿದ್ದಳು. ಶೆಟ್ಟರು ಏಣಿಯನ್ನು ನೋಡಿದರು, ಮಗಳನ್ನು ನೋಡಿದರು, ಆಮೇಲೆ ಇಳಿಯುವ ದಾರಿ ಹಿಡಿದರು. ಅವರ ಹಿಂದೆ ನಾವು.

ಕಸಾರಾದಲ್ಲಿ ಗಾಡಿ ಖಾಲಿಯಿತ್ತು. ನಿಕಿತಾ ಕಿಟಕಿಯ ಪಕ್ಕ ಕೂತು, ಒದ್ದೆ ಕೂದಲಿನ ತಲೆಯನ್ನು ಅಪ್ಪನ ಹೆಗಲಿಗೆ ಒರಗಿಸಿ ನಿದ್ದೆ ಹೋದಳು. ನಾನು ಕೂಡಿಸಿದ್ದ ಕಾರಣಗಳನ್ನೆಲ್ಲ ಮನಸ್ಸಿನಲ್ಲೇ ಹೊಂದಿಸಿಕೊಂಡು ಕೆಮ್ಮಿದೆ. ಶೆಟ್ಟರು ಬೆರಳೆತ್ತಿ ಸುಮ್ಮನಿರಿಸಿದರು. “ನೀವು ಎಂತದೂ ಹೇಳುದು ಬೇಡ ದೇಸಾಯಿಯವರೇ. ವಾಪಸ್ ಬರ್ಲಿಕ್ಕೆ ಗೊತ್ತಿದ್ದವಳು ಹೋಗ್ಲಿ,” ಎಂದು ಪಿಸುಗುಟ್ಟಿದರು. ಅವರ ಕಣ್ಣು ತುಂಬಿತ್ತು. ಮಳೆ ನೀರೆಂದು ಹೇಳುವ ಹಾಗಿರಲಿಲ್ಲ, ಗಾಡಿಯೊಳಗೆ ಮಳೆಯಿರಲಿಲ್ಲ. ಥಾಣೆ ದಾಟುವಾಗ ಮತ್ತೆ ನನ್ನ ಕಡೆ ಬಗ್ಗಿದರು. “ಆದ್ರೆ ಒಂದು ಉಪಕಾರ ಮಾಡ್ಬೇಕು. ನಿಕ್ಕಿಯ ಅಮ್ಮ ಸುಮತಿಗೆ ನೀವೇ ಹೇಳಿ. ಮಗಳನ್ನು ಕಳಿಸ್ತೇನೆ ಅಂತ ಅವಳ ಎದುರು ಹೇಳ್ಲಿಕ್ಕೆ ನನಗೆ ಧೈರ್ಯ ಸಾಲುದಿಲ್ಲ.” ರಾಜೇಸಾಬರು ನಕ್ಕ ರಭಸಕ್ಕೆ ಎದುರು ಸೀಟಿನ ಹೆಂಗಸು ಎದ್ದು ಬೇರೆ ಕಡೆ ಕುಳಿತಳು.

ಹೀಗೆ ನಾನು ಕೆಸರು ಮೆತ್ತಿದ ಪ್ಯಾಂಟಿನಲ್ಲಿ ಶೆಟ್ಟರ ಮನೆಯ ಬೆಲ್ ಒತ್ತಿದೆ. ಅಪ್ಪ, ಮಗಳು ಬೂಟು ತೊಳೆಯುವ ನೆಪದಲ್ಲಿ ಕೆಳಗೆ ನಲ್ಲಿಯ ಹತ್ತಿರ ನಿಂತಿದ್ದರು. ಸುಮತಿಯವರು ಬಾಗಿಲು ತೆರೆದರು.

“ವೈನಿ, ಒಂದು ಮಾತು ಹೇಳೂದಿತ್ತು. ಗುಡ್ಡ ಅಂದ್ರ ಅಂಥಾ...”

“ಹೋಗ್ಲಿ ಅಂತ ಹೇಳ್ಲಿಕ್ಕೆ ಬಂದದ್ದಲ್ವಾ?” ಎಂದರು ಅವರು. “ನಾನು ಯಾವತ್ತೋ ಹೂಂ ಅಂದಾಗಿದೆ ಮಾರಾಯ್ರೇ. ಹೆದರಿಕೆ ಇದ್ದದ್ದು ಇವರಿಗೆ. ಬೇಡ ಹೇಳ್ಲಿಕ್ಕೆ ದೇಸಾಯಿಯವರೇ ಸರಿ, ಅವರನ್ನು ಕರ್ಕೊಂಡು ಹೋಗಿ ಅಂತ ಇವರ ತಲೆಗೆ ಹಾಕಿದ್ದು ನಾನೇ.”

ನನ್ನ ಎದೆ ಉಬ್ಬಿತು. “ನನ್ನ ಮಾತಿಗೆ ಇಷ್ಟು ಬೆಲಿ ಕೊಟ್ಟಿರಲ್ಲ ವೈನಿ,” ಎಂದೆ.

“ಮಾತಿಗೆ ಅಲ್ಲ. ಗಟ್ಟಿ ಇದ್ದವರನ್ನು ಯಾರು ಬೇಕಾದ್ರೂ ಹತ್ತಿಸಿ ಇಳಿಸ್ತಾರೆ. ನಿಮ್ಮನ್ನು ಕರ್ಕೊಂಡು ಹೋಗಿ ಪೂರ್ತಿ ವಾಪಸ್ ತಂದ್ರೆ, ಅವಳ ಮೇಲೆ ಇವರಿಗೆ ನಂಬಿಕೆ ಬರ್ತದೆ ಅಂತ.”

ಗುಡ್ಡದ ಬುಡದಿಂದ ತೀರ್ಪುಗಾರನ ಗತ್ತಿನಲ್ಲಿ ನಡೆದವನು ನಾನು. ಅಲ್ಲಿ ನಿಕಿತಾಳ ಪರೀಕ್ಷೆಗೆಂದು ಕೊಟ್ಟ ಕಠಿಣ ಲೆಕ್ಕವೇ ನಾನಾಗಿದ್ದೆ ಎಂದು ಆ ಹೊಸ್ತಿಲ ಮೇಲೆ ತಿಳಿಯಿತು. ಸುಮತಿಯವರು ನನ್ನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿ, ಕೈ ಕಾಲೆಲ್ಲ ಇವೆಯೆಂದು ಖಾತ್ರಿ ಮಾಡಿಕೊಂಡರು. ಆಮೇಲೆ ನನ್ನನ್ನು ಅತ್ತ ಸರಿಸಿ, ಮೆಟ್ಟಿಲ ಕಡೆ ಬಗ್ಗಿ ಕೂಗಿದರು: “ನಿಕ್ಕೀ, ಮೇಲೆ ಬಾ. ಬ್ಯಾಗ್ ಕಟ್ಲಿಕ್ಕೆ ಶುರು ಮಾಡು.”