ಪಾಳೇಗಾರನು ಕಾಫಿ ಕುಡಿದ ಪ್ರಸಂಗ

ಕಾದಂಬರಿ ಬರೆಯುವುದು ಬಹಳ ಕಷ್ಟವೆಂದು ಹೇಳುವವರೆಲ್ಲ ವ್ಯಾಪಾರ ಗೊತ್ತಿಲ್ಲದವರು. ನಾನು ಸಂತೇಪೇಟೆಯಲ್ಲಿ ಹುರುಳಿ, ಅವರೆ, ಕಡಲೆಗಳ ದಲ್ಲಾಳಿಯಾಗಿ ಮೇಲೆ ಬಂದವನು. ನನಗೆ ಅಪ್ಪನ ಆಸ್ತಿಯಿರಲಿಲ್ಲ, ಯಾರ ಶಿಫಾರಸ್ಸೂ ಇರಲಿಲ್ಲ. ಇದ್ದದ್ದು ಬಾಯಿ ಒಂದೇ. ನುಸಿ ಹಿಡಿದ ಹುರುಳಿಯನ್ನೂ ಅರಮನೆಯ ಕುದುರೆಗೇ ತಕ್ಕದ್ದೆಂದು ಹೊಗಳಿ ಮಾರಿದ ಬಾಯಿ ಅದು. ಇಂಥವನಿಗೆ ಒಂದು ಕಾದಂಬರಿ ಯಾವ ಲೆಕ್ಕ!

ಈಗ ಬರುತ್ತಿರುವ ಕಾದಂಬರಿಗಳನ್ನು ಓದದೆ ನಾನು ಈ ಮಾತು ಹೇಳುತ್ತಿಲ್ಲ. ಅರ್ಧಕ್ಕರ್ಧ ಬಂಗಾಳದಿಂದ ಬಂದವು. ಹಾಗೆಂದು ಎಲ್ಲೂ ಬರೆದಿರುವುದಿಲ್ಲ. ಆದರೆ ಕಥೆಯೊಳಗೆ ನಮ್ಮ ಅಗ್ರಹಾರದ ಶಾಸ್ತ್ರಿಗಳ ಮನೆಯ ಮದುವೆಯಲ್ಲಿ ಮೀನಿನ ಸಾರು ಬಡಿಸಿದಾಗ ಗುಟ್ಟು ತಾನಾಗಿ ಹೊರಬೀಳುತ್ತದೆ. ಮಿಕ್ಕವುಗಳಲ್ಲಿ ಸೂರ್ಯ ಹುಟ್ಟುವುದಕ್ಕೇ ಎರಡು ಪುಟ ಬೇಕು. ನಿಮಗೊಂದು ಬುದ್ಧಿಮಾತು ಹೇಳುತ್ತೇನೆ, ಕೇಳಿ. ಪುಸ್ತಕ ಕೊಳ್ಳುವಾಗ ಪೀಠಿಕೆಯನ್ನು ನಂಬಬೇಡಿ. ಪೀಠಿಕೆ ಬರೆದವರು ಪುಸ್ತಕ ಓದಿರುವುದಿಲ್ಲ. ಮೂಟೆಯ ನಡುವಿನಿಂದ ಒಂದು ಹಿಡಿ ಕಾಳು ತೆಗೆದು ನೋಡುವ ಹಾಗೆ, ನಡುವಿನ ಒಂದು ಪುಟ ತೆಗೆದು ನೋಡಿ. ಅಲ್ಲಿ ನಾಯಕಿ ಮೂರ್ಛೆ ಹೋಗಿದ್ದರೆ ಪುಸ್ತಕವನ್ನು ಕೆಳಗಿಟ್ಟುಬಿಡಿ.

ಹೀಗೆ ಸಾಹಿತ್ಯದ ದುಃಸ್ಥಿತಿಯನ್ನು ಕಂಡು ಮರುಗಿ, ಅದನ್ನು ಉದ್ಧಾರ ಮಾಡುವ ಭಾರವನ್ನು ನಾನೇ ಹೊರಬೇಕೆಂದು ನಿಶ್ಚಯಿಸಿದೆ. ನನ್ನ ದಲ್ಲಾಳಿ ವ್ಯಾಪಾರವನ್ನು ಇನ್ನೊಬ್ಬರಿಗೆ ಒಪ್ಪಿಸಿ ಮನೆಗೆ ಬಂದೆ. ನನ್ನ ಹೆಂಡತಿ ಗೌರಮ್ಮ ಮುದ್ದೆ ಕಟ್ಟುತ್ತಿದ್ದಳು.

"ಗೌರಾ, ನಾಳೆಯಿಂದ ನಾನು ಪೇಟೆಗೆ ಹೋಗೋದಿಲ್ಲ ಕಣೇ. ಸ್ವತಂತ್ರ ಕಾದಂಬರಿಕಾರ ಆಗ್ಬುಟ್ಟಿದ್ದೀನಿ."

"ಯಾವಾಗಿಂದ್ರೀ? ಬೆಳಿಗ್ಗೆ ಸರಿಯಾಗೇ ಇದ್ರಲ್ಲ!"

ನಾನು ಎಲ್ಲವನ್ನೂ ವಿವರಿಸಿದೆ. ಅವಳು ಸಾವಧಾನವಾಗಿ ಕೇಳಿ, ಕೈ ತೊಳೆದುಕೊಂಡು ತೀರ್ಪು ಕೊಟ್ಟಳು: "ಯುಗಾದಿವರೆಗೂ ನೋಡ್ತೀನಿ. ನಿಮ್ಮ ಪುಸ್ತಕಾನ ಕೊನೇವರೆಗೂ ಓದಿದೋರು ನಾಲ್ಕು ಜನ ಈ ಬಾಗಿಲಿಗೆ ಬಂದು, ಮುಂದಿನ ಪುಸ್ತಕ ಯಾವಾಗ ಅಂತ ಕೇಳ್ಬೇಕು. ಕೇಳಲಿಲ್ವೋ, ಸುಮ್ನೆ ನಮ್ಮಣ್ಣನ ಮಂಡಿಗೆ ಹೋಗಿ ಕೂತ್ಕೊಂಡ್ಬುಡಿ."

ಅವಳ ಅಣ್ಣ ಚೆನ್ನಬಸಪ್ಪನವರ ಕಾಳಿನ ಮಂಡಿಯಲ್ಲಿ ಗದ್ದಿಗೆ ಒಂದೇ. ಅದರ ಮೇಲೆ ಅವರು. ಕೆಳಗೆ ಚಾಪೆಯ ಮೇಲೆ ನಾನು! ಕೂಡಲೇ ಚೌಕಾಶಿಗೆ ಇಳಿದೆ. ನಾಲ್ಕನ್ನು ಮೂರಕ್ಕೆ, ಮೂರನ್ನು ಎರಡಕ್ಕೆ ತಂದು, ಕೊನೆಗೆ ಒಬ್ಬರಾದರೂ ಸಾಕೆಂದು ಒಪ್ಪಿಸಿದೆ. ಇಡೀ ಮೈಸೂರಿನಲ್ಲಿ ಒಬ್ಬ ಓದುಗ ಸಿಗದೆ ಹೋಗುತ್ತಾನೆಯೇ!

ಲಷ್ಕರ್ ಮೊಹಲ್ಲಾದಲ್ಲಿ, ಇಗರ್ಜಿಗೆ ಹೋಗುವ ದಾರಿಯಲ್ಲಿ, ಇನ್ನಾಸಪ್ಪನ ಅಚ್ಚುಕೂಟವಿತ್ತು. ಅವನೇ ಯಜಮಾನ, ಅಚ್ಚಿನ ಮೊಳೆ ಜೋಡಿಸುವವನೂ ಅವನೇ. ಅವನ ಹತ್ತಿರ ಇದ್ದದ್ದು ಎಂಟು ಪುಟಗಳಿಗೆ ಸಾಲುವಷ್ಟು ಮೊಳೆ ಮಾತ್ರ. ಎಂಟು ಪುಟ ಜೋಡಿಸಿ, ಅಷ್ಟೂ ಪ್ರತಿಗಳಿಗೆ ಅಚ್ಚು ಹಾಕಿ, ಮೊಳೆಗಳನ್ನು ಬಿಚ್ಚಿ, ಆಮೇಲೆ ಮುಂದಿನ ಎಂಟು ಪುಟಕ್ಕೆ ಕೈಹಾಕಬೇಕು.

"ಸ್ವಾಮಿ, ಕತೆ ಪೂರ್ತಾ ಬರ್ದು ತಂದ್ಬುಡಿ," ಎಂದ ಇನ್ನಾಸಪ್ಪ. "ಅಚ್ಚಾದ್ಮೇಲೆ ಅಳಿಸಕ್ಕಾಗಲ್ಲ."

"ಅದಿರಲಿ. ಲಗ್ನಪತ್ರಿಕೆ ಕೆಲಸ ಇಲ್ದಾಗ, ಎಂಟೆಂಟು ಪುಟ ತಂದ್ಕೊಟ್ರೆ ದರ ಎಷ್ಟು ಇಳಿಸ್ತೀಯ, ಅದು ಹೇಳು."

ಇನ್ನಾಸಪ್ಪ ಇಳಿಸಿದ. ನಾನು ಗೆದ್ದೆ. ಗೆದ್ದದ್ದು ಅಷ್ಟೇ!

ನನ್ನ ಕಾದಂಬರಿಯ ಹೆಸರು "ವಿಮಲಾಂಗಿ ಅಥವಾ ಮೌನದ ಫಲ." ಮುನ್ನೂರು ವರ್ಷಗಳ ಹಿಂದಿನ ಕಥೆ. ವೀರಮಲ್ಲನೆಂಬ ಪಾಳೇಗಾರ ವಿಮಲಾಂಗಿಯನ್ನು ಪ್ರೀತಿಸುತ್ತಾನೆ. ಕಂದಾಯ ವಸೂಲಿಯ ಪಾರುಪತ್ತೇಗಾರನೊಬ್ಬ, ಲಂಚಕೋರ, ಪರಮ ನೀಚ, ಅವಳಿಗೆ ವಿಷವಿಕ್ಕುತ್ತಾನೆ. ಅವಳು ಸಾಯುತ್ತಾಳೆ. ಪಾಳೇಗಾರ ಉಳಿದ ಪುಟಗಳಲ್ಲೆಲ್ಲ ಅಳುತ್ತಾನೆ. ಓದುಗರೂ ಅಳಬೇಕು. ಏರ್ಪಾಡು ಸರಿಯಾಗಿಯೇ ಇತ್ತು. ಅಳುವಿನ ಭಾಗವನ್ನು ಬರೆಯುವುದು ಮಾತ್ರ ಬಾಕಿಯಿತ್ತು.

ವಿಮಲಾಂಗಿ ಸತ್ತು, ಗಂಧದ ಕಟ್ಟಿಗೆಯಲ್ಲಿ ಬೆಂದು, ಅವಳ ಬೂದಿ ಕಾವೇರಿ ಪಾಲಾಗುವವರೆಗೆ ಅಚ್ಚಾಯಿತು. ಆ ಹಾಳೆಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಮುಂಗಡ ಗಿರಾಕಿಗಳನ್ನು ಹಿಡಿಯಲು ಹೊರಟೆ. ಮಾದರಿ ತೋರಿಸಿ ಮಾಲು ಮಾರುವುದು ಪೇಟೆಯ ಪದ್ಧತಿ.

ಮೊದಲು ನಿವೃತ್ತ ಅಮಲ್ದಾರರಾದ ನರಸಿಂಗರಾಯರ ಮನೆ. ರಾಯರು ಕನ್ನಡಕ ಏರಿಸಿ ಓದಿದರು. ಮುಖ ಕೆಂಪಾಯಿತು.

"ಏನಯ್ಯಾ ಇದು! ರೆವಿನ್ಯೂ ಇಲಾಖೆಯವನು ಲಂಚಕೋರನೇ? ಮೂವತ್ತು ವರ್ಷ ಆ ಇಲಾಖೆಯ ಅನ್ನ ತಿಂದವನು ನಾನು!"

"ಇದು ಮುನ್ನೂರು ವರ್ಷದ ಹಿಂದಿನದು, ಬುದ್ಧಿ."

"ಇಲಾಖೆ ಅದೇ ಅಲ್ಲವೇ! ಅವನನ್ನು ಸತ್ಪುರುಷನನ್ನಾಗಿ ಮಾಡು. ನಮ್ಮ ನೆಂಟರಿಗೆಲ್ಲ ಹಂಚುವಷ್ಟು ಪ್ರತಿ ತೆಗೆದುಕೊಳ್ಳುತ್ತೇನೆ."

ಗಿರಾಕಿ ಕೈಗೆ ಸಿಕ್ಕಿರುವಾಗ ಇಲ್ಲವೆನ್ನುವುದು ನನ್ನ ಜಾಯಮಾನವಲ್ಲ. ಮುಂದಿನ ಎಂಟು ಪುಟಗಳಲ್ಲಿ ಪಾರುಪತ್ತೇಗಾರ ನಂಜನಗೂಡಿಗೆ ಹೋಗಿ ಕಪಿಲೆಯಲ್ಲಿ ಒಂದೇ ಒಂದು ಮುಳುಗು ಹಾಕಿದ. ಎದ್ದಾಗ ಮಹರ್ಷಿಯಾಗಿದ್ದ!

ಆಮೇಲೆ ಹೋಟೆಲಿನ ಭಟ್ಟರು. "ನನ್ನ ಗಲ್ಲಾದ ಮೇಲೆ ನಿಮ್ಮ ಪುಸ್ತಕ ಇಟ್ಟು ಮಾರ್ತೇನೆ ಸ್ವಾಮಿ. ಆದ್ರೆ ನಿಮ್ಮ ಪಾಳೇಗಾರ ನಮ್ಮ ಹೋಟೆಲಿಗೆ ಒಂದ್ಸಲ ಬಂದು ಹೋಗ್ಲಿ."

ನಾನು ಉಪಾಯಗಾರ. "ವೀರಮಲ್ಲನು ದಾರಿಯ ಛತ್ರವೊಂದರಲ್ಲಿ ಕಪ್ಪಾದ, ಬಿಸಿಯಾದ, ಹೆಸರಿಲ್ಲದ ಕಷಾಯವೊಂದನ್ನು ಸೇವಿಸಿ ಚೇತರಿಸಿಕೊಂಡನು" ಎಂದು ಬರೆದು ತೋರಿಸಿದೆ. ಭಟ್ಟರಿಗೆ ಸಿಟ್ಟು ಬಂತು.

"ಕಷಾಯವೇ? ನಾನು ಹೋಟೆಲ್ ಇಟ್ಟಿದ್ದೇನೋ, ಔಷಧದ ಅಂಗಡಿಯೋ? ಕಾಫಿ ಅಂತ ಹಾಕಿ. ಜೊತೆಗೊಂದು ಮಸಾಲೆ ದೋಸೆ!"

ಹಾಕಿದೆ. ಮೊಳೆ ಜೋಡಿಸುತ್ತಿದ್ದ ಇನ್ನಾಸಪ್ಪನ ಕೈ ಗಕ್ಕನೆ ನಿಂತಿತು.

"ಸ್ವಾಮಿ, ಆ ಕಾಲ್ದಲ್ಲಿ ಕಾಫಿ ಇತ್ತಾ?"

"ಭಟ್ಟರ ಹೋಟೆಲೇ ಇದೆ ಅಂದ್ಮೇಲೆ ಕಾಫಿ ಇರೋದಕ್ಕೇನು? ಜೋಡ್ಸಪ್ಪಾ ನೀನು!"

ಇನ್ನಾಸಪ್ಪ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು ಜೋಡಿಸಿದ.

ಕಡೆಯ ಪೆಟ್ಟು ನಮ್ಮ ಬೀದಿಯ ಪಾಪಮ್ಮನವರದು. ಮಧ್ಯಾಹ್ನದ ಹೊತ್ತು ಅವರ ಜಗಲಿಯಲ್ಲಿ ಹೆಂಗಸರೆಲ್ಲ ಸೇರಿ ಪುರಾಣ ಓದಿಸಿ ಕೇಳುತ್ತಿದ್ದರು. ನನ್ನ ಹಾಳೆಗಳನ್ನೂ ಓದಿಸಿದರಂತೆ. ಮರುದಿನ ಇಡೀ ಜಗಲಿಯೇ ನಮ್ಮ ಮನೆಗೆ ಬಂತು.

"ಏನಪ್ಪಾ, ಆ ಎಳೇ ಹುಡುಗೀನ ಕೊಂದ್ಬುಟ್ಯಲ್ಲ! ನಿನ್ನ ಕೈ ಹೆಂಗಾದ್ರೂ ಬಂತು? ಅವಳನ್ನ ಬದುಕಿಸು. ಬದುಕಿಸಿದ್ರೆ ಮನೆಗೊಂದು ಪುಸ್ತಕ ತಗೋತೀವಿ. ಇಲ್ದಿದ್ರೆ ನಿನ್ನ ಹೆಂಡ್ತೀನ ಅರಿಸಿನ ಕುಂಕುಮಕ್ಕೂ ಕರೆಯಲ್ಲ!"

ಇದು ವ್ಯಾಪಾರವಲ್ಲ, ಮುತ್ತಿಗೆ. ಒಪ್ಪಿಕೊಂಡೆ. ಆದರೆ ಬದುಕಿಸುವುದು ಹೇಗೆ? ಅವಳಿ ತಂಗಿಯನ್ನು ತರೋಣವೆಂದರೆ, ಮೊದಲನೆಯ ಪುಟದಲ್ಲೇ "ತಂದೆತಾಯಿಗಳಿಗೆ ಏಕಮಾತ್ರ ಪುತ್ರಿ" ಎಂದು ಅಚ್ಚಾಗಿಹೋಗಿತ್ತು. ಸತ್ತಂತೆ ಕಂಡಿದ್ದಳು ಅಷ್ಟೇ ಎನ್ನೋಣವೆಂದರೆ, ಬೂದಿಯಾಗಿದ್ದಳು. ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ದಿನ ಕಾವೇರಮ್ಮನಿಗೇ ಕರುಣೆ ಹುಟ್ಟಿಸಿದೆ. ಶ್ರೀರಂಗಪಟ್ಟಣದ ಸ್ನಾನಘಟ್ಟದಲ್ಲಿ ಬೂದಿಯೆಲ್ಲ ಒಂದುಗೂಡಿ, ಒದ್ದೆ ಸೀರೆಯ ಸಮೇತ ವಿಮಲಾಂಗಿ ಎದ್ದು ಬಂದಳು!

ಗೌರಮ್ಮ ಆ ಹಾಳೆಯನ್ನು ಓದಿ ಕೇಳಿದಳು: "ಸೀರೇನೂ ಸುಟ್ಟೋಗಿತ್ತಲ್ರೀ?"

"ಅದೆಲ್ಲ ಕಾವೇರಮ್ಮ ನೋಡ್ಕೋತಾಳೆ. ಸುಮ್ನಿರು!"

ಅಂತೂ ಪುಸ್ತಕ ಮುಗಿಯಿತು. ಅಷ್ಟೂ ಪ್ರತಿಗಳು ಗಿರಾಕಿಗಳ ಮನೆ ಸೇರಿದವು. ಈ ಊರಿನಲ್ಲಿ ಯಾವ ಗ್ರಂಥಕರ್ತನ ಮನೆಯಲ್ಲಾದರೂ ಪುಸ್ತಕದ ಕಟ್ಟುಗಳಿಲ್ಲದ ಅಟ್ಟವನ್ನು ತೋರಿಸಿ, ನೋಡೋಣ! ನನ್ನ ಅಟ್ಟ ಖಾಲಿಯಾಗಿತ್ತು. ಇನ್ನು ಓದಿದವರು ಬಂದು ಬಾಗಿಲು ತಟ್ಟುವುದೊಂದೇ ಬಾಕಿ.

ಯಾರೂ ಬರಲಿಲ್ಲ. ಯುಗಾದಿ ಹತ್ತಿರವಾಯಿತು. ಗೌರಮ್ಮ ನನ್ನ ಹಳೆಯ ಪೇಟೆಯ ಕೋಟನ್ನು ಬಿಸಿಲಿಗೆ ಹಾಕಿದಳು. ನನಗೆ ದಿಗಿಲಾಗಿ ನಾನೇ ಗಿರಾಕಿಗಳ ಮನೆಗೆ ಓಡಿದೆ.

"ಬಹಳ ಸೊಗಸಾಗಿದೆ," ಎಂದರು ರಾಯರು. "ಆ ಮುಳುಗು ಹಾಕುವ ಭಾಗವನ್ನು ದಿನಾ ಓದುತ್ತೇನೆ."

"ಮಿಕ್ಕದ್ದು, ಬುದ್ಧಿ?"

"ಮಿಕ್ಕದ್ದು ನಮ್ಮ ಇಲಾಖೆಗೆ ಸಂಬಂಧಪಟ್ಟದ್ದಲ್ಲವಲ್ಲ!"

ಭಟ್ಟರ ಹೋಟೆಲಿನಲ್ಲಿ ಕಾಫಿಯ ಪುಟವನ್ನು ಕಿತ್ತು, ಕನ್ನಡಿ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರು. ಉಳಿದ ಪುಟಗಳ ಅಂಚಿನ ಮಡಿಕೆಯನ್ನು, ಬಿಡಿಸಿ ಓದುವುದಕ್ಕೆಂದು, ಯಾರೂ ಕತ್ತರಿಸಿಯೇ ಇರಲಿಲ್ಲ. ಪಾಪಮ್ಮನವರೋ, "ಹುಡುಗಿ ಬದುಕಿದಳಲ್ಲ, ಅಷ್ಟು ಸಾಕು. ಇನ್ನೂ ಓದಿದ್ರೆ ಮತ್ತೆಲ್ಲಿ ಸಾಯಿಸ್ತೀಯೋ ಅಂತ ಮುಚ್ಚಿಟ್ಟುಬುಟ್ಟೆ ಕಣಪ್ಪ" ಎಂದರು.

ಯುಗಾದಿ ಬಂದೇ ಬಂತು. ಒಬ್ಬಟ್ಟಿನ ಊಟವಾಯಿತು. ನನಗೆ ಅದೂ ಕಹಿ. ಸಂಜೆ, ದೀಪ ಹಚ್ಚುವ ಹೊತ್ತಿಗೆ, ಬಾಗಿಲಲ್ಲಿ ಇನ್ನಾಸಪ್ಪ ನಿಂತಿದ್ದ! ಹಬ್ಬದ ದಿನವೆಂದು ಗೌರಮ್ಮ ಅವನ ಕೈಗೆ ಒಬ್ಬಟ್ಟು ಕೊಟ್ಟಳು. ಅವನು ತಲೆ ಕೆರೆದುಕೊಳ್ಳುತ್ತಾ ಕೇಳಿದ:

"ಸ್ವಾಮಿ, ಮುಂದಿನ ಪುಸ್ತಕ ಯಾವಾಗ?"

ನನಗೆ ರೋಮಾಂಚನವಾಯಿತು. "ಇನ್ನಾಸಪ್ಪ! ನೀನು ನನ್ನ ಪುಸ್ತಕ ಪೂರ್ತಾ ಓದಿದ್ದೀಯಾ?"

"ಓದದೆ ಮೊಳೆ ಜೋಡಿಸಕ್ಕಾಗುತ್ತಾ ಸ್ವಾಮಿ? ಕೊನೇ ಅಕ್ಷರದವರೆಗೂ ಓದಿದ್ದೀನಿ. ಕರಡು ತಿದ್ದುವಾಗ ಇನ್ನೊಂದ್ಸಲ."

"ಗೌರಾ, ಕೇಳಿಸ್ತೇನೇ?" ಎಂದು ಕೂಗಿದೆ. ಬೀದಿಗೇ ಕೇಳಿಸಿರಬೇಕು.

ಅವಳು ಸುಮ್ಮನಿರಬಾರದೆ! "ಯಾಕೆ ಕೇಳ್ತಿದ್ದೀರಿ ಇನ್ನಾಸಪ್ಪನೋರೆ?"

"ಮುಂಚೇನೇ ಗೊತ್ತಾದ್ರೆ ಅಚ್ಚುಕೂಟಕ್ಕೆ ಬೀಗ ಹಾಕಿ ವೇಳಾಂಗಣಿ ಯಾತ್ರೆಗೆ ಹೋಗ್ಬುಡಣ ಅಂತ, ತಾಯೀ."

ಗೌರಮ್ಮ ಕಂಬ ಹಿಡಿದುಕೊಂಡು ನಕ್ಕಳು. ನಾನು ಬಿಡಲಿಲ್ಲ. "ನೋಡು, ಓದಿದೋರು ಬಂದು ಕೇಳ್ಬೇಕು ಅಂದೆ. ಓದಿದ್ದಾನೆ, ಬಂದಿದ್ದಾನೆ, ಕೇಳಿದ್ದಾನೆ. ಯಾಕೆ ಕೇಳ್ಬೇಕು ಅನ್ನೋದು ಮಾತಿನಲ್ಲಿ ಇರಲಿಲ್ಲ!"

"ಸರಿ ಕಣ್ರೀ," ಎಂದಳು ಕಣ್ಣೊರೆಸಿಕೊಳ್ಳುತ್ತಾ. "ಮಾತು ಮಾತೇ. ನೀವು ಗೆದ್ರಿ. ಇನ್ನೊಂದು ಬರೀರಿ. ಅಚ್ಚು ಹಾಕೋರು ಯಾರು?"

ತಿರುಗಿ ನೋಡಿದೆ. ಇನ್ನಾಸಪ್ಪ ಒಬ್ಬಟ್ಟನ್ನು ಕೈಯಲ್ಲೇ ಹಿಡಿದುಕೊಂಡು ಬೀದಿಯ ತಿರುವು ದಾಟುತ್ತಿದ್ದ!

ಮರುದಿನ ಯಾರೂ ಹೇಳದೆ ನಾನೇ ಮಂಡಿಗೆ ಹೋಗಿ ಚಾಪೆಯ ಮೇಲೆ ಕೂತೆ. ಹುರುಳಿ ಕೊಳ್ಳಲು ಬಂದ ಗಿರಾಕಿಗೆ ಗದ್ದಿಗೆಯ ಮೇಲಿಂದ ಚೆನ್ನಬಸಪ್ಪನವರು ನನ್ನ ಪರಿಚಯ ಮಾಡಿಕೊಟ್ಟರು: "ಇವರು ನಮ್ಮ ತಂಗಿಯ ಯಜಮಾನರು. ಕಾದಂಬರಿ ಬರೀತಾರೆ."

ಗಿರಾಕಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಅಯ್ಯೋ ಪಾಪ!" ಎಂದ. ಆಮೇಲೆ ನಾನು ಹೇಳಿದ ಬೆಲೆಗೆ, ಒಂದು ಮಾತೂ ಚೌಕಾಶಿ ಮಾಡದೆ, ಹುರುಳಿ ತೂಗಿಸಿಕೊಂಡು ಹೋದ!