ಮಾವನ ಸ್ನಾನಕ್ಕೆ ನಾನು ಹೊತ್ತಿಸಿದ ಬಾಯ್ಲರ್

ಸೀಮೆಎಣ್ಣೆ ತುಂಬಿಸಲು ಪ್ರತಿ ತಿಂಗಳೂ ಲಾರಿಯವನೇ ಬರಬೇಕೆ? ನಾನೇನು ಸತ್ತಿದ್ದೇನೆಯೇ? ಹೀಗೆಂದು ಎದೆ ತಟ್ಟಿಕೊಂಡು ಲಾರಿ ಬರುವುದನ್ನೇ ನಿಲ್ಲಿಸಿದವನು ನಾನೇ. ಜಪಾನಿನ ಪಶ್ಚಿಮದ ಒಸಾಕಾದಿಂದ ವರ್ಗವಾಗಿ ಉತ್ತರದ ಅವೊಮೊರಿಯ ಮಾವನ ಮನೆಗೆ ಬಂದ ಮೊದಲ ಚಳಿಗಾಲ ಅದು. ಮನೆಯ ಬಾಯ್ಲರ್ ಇನ್ನು ನನ್ನ ಆಳ್ವಿಕೆಗೆ ಸೇರಿತು ಎಂದು ಘೋಷಿಸಿದೆ. ಟ್ಯಾಂಕಿನಲ್ಲಿ ಎಣ್ಣೆ ಎಷ್ಟಿದೆ ಎಂದು ತೋರಿಸುವ ಮುಳ್ಳು ನೋಡುವುದೊಂದನ್ನು ಮರೆತೆ.

ಭಾನುವಾರ ನಾಲ್ಕಕ್ಕೆ ಮಾವ ಸ್ನಾನಕ್ಕೆ ಹೋದರು. ಮೊದಲ ಸ್ನಾನ ಯಾವತ್ತೂ ಅವರದ್ದೇ. ತಲೆಯಿಂದ ಕಾಲಿನವರೆಗೆ ಸೋಪು ಹಚ್ಚಿ, ತೊಳೆದುಕೊಂಡು, ಆಮೇಲೆ ತೊಟ್ಟಿಗಿಳಿಯುವುದು ಕ್ರಮ. ಹಚ್ಚುವುದು ಮುಗಿದಿತ್ತು. ತೊಳೆಯುವ ಹೊತ್ತಿಗೆ ಬಾಯ್ಲರ್ ಆರಿತು. ತೊಟ್ಟಿಯಲ್ಲಿ ತುಂಬಿದ್ದು ಪಾದ ಮುಳುಗುವಷ್ಟು.

"ಅಳಿಯಂದಿರೇ! ಇದು ಸ್ನಾನವೋ ಶಿಕ್ಷೆಯೋ?"

ಹೆಂಡತಿ ಚಿಝುರು ಓಡಿಬಂದಳು. "ಎಣ್ಣೆ ಮುಗಿದಿದೆ. ರಿಪೇರಿಯ ಸೊಮಾಗೆ ಫೋನ್ ಮಾಡ್ತೀನಿ."

"ಬೇಡ! ಪುಸ್ತಕ ಓದಿದ್ದೀನಿ. ಎಣ್ಣೆ ಸುರಿ, ತಿರುಪು ಸಡಿಲಿಸು, ಪೈಪಿನ ಗಾಳಿಯೆಲ್ಲ ಹೋದ ಮೇಲೆ ಬಿಗಿಮಾಡು, ಗುಂಡಿ ಒತ್ತು. ಹತ್ತೇ ನಿಮಿಷ!"

"ಅಪ್ಪನಿಗೆ ಎಪ್ಪತ್ತೊಂಬತ್ತು ವರ್ಷ ರೀ."

"ಹಾಗಾದ್ರೆ ಒಂಬತ್ತು ನಿಮಿಷ!"

ಬಾಗಿಲ ಬಳಿ ಎರಡು ಕ್ಯಾನುಗಳಿದ್ದವು. ಒಂದು ಕೆಂಪು, ಒಂದು ನೀಲಿ. ಕೆಂಪು ಅಂದರೆ ಪೆಟ್ರೋಲು, ಅಪಾಯ. ಎಚ್ಚರಿಕೆಯ ಮನುಷ್ಯ ನಾನು, ನೀಲಿಯನ್ನೇ ಎತ್ತಿ ಹದಿನೆಂಟು ಲೀಟರನ್ನೂ ಟ್ಯಾಂಕಿಗೆ ಸುರಿದೆ. ತಿರುಪು ಸಡಿಲಿಸಿದೆ. ಎಷ್ಟು ತಿಳಿಯಾಗಿ ಬಂತೆಂದರೆ, ಇಷ್ಟು ಶುದ್ಧ ಎಣ್ಣೆಯನ್ನು ಜನ್ಮದಲ್ಲಿ ಕಂಡಿರಲಿಲ್ಲ! ಗುಂಡಿ ಒತ್ತಿದೆ. ಬಾಯ್ಲರ್ ಕೆಮ್ಮಿತು. ಒಳಗೆ ಮಾವ ಸೀನಿದರು. ಮತ್ತೆ ಒತ್ತಿದೆ. ಮತ್ತೆ ಕೆಮ್ಮು, ಮತ್ತೆ ಸೀನು. ಹನ್ನೊಂದನೆಯ ಸಲಕ್ಕೆ ಚಿಝುರು ಹೊರಬಂದಳು.

"ಯಾವ ಕ್ಯಾನ್ ಸುರಿದ್ರಿ?"

"ನೀಲಿ."

ಅವಳು ಕಣ್ಣು ಮುಚ್ಚಿಕೊಂಡಳು. "ಅದು ನೀರು! ನಲ್ಲಿ ಹೆಪ್ಪುಗಟ್ಟಿದ್ರೆ ಬೇಕಾಗುತ್ತೆ ಅಂತ ಇಟ್ಟಿದ್ದು. ಸೀಮೆಎಣ್ಣೆ ಇರೋದು ಕೆಂಪು ಕ್ಯಾನಲ್ಲಿ!"

"ಒಸಾಕಾದಲ್ಲಿ ಸೀಮೆಎಣ್ಣೆ ಕ್ಯಾನ್ ನೀಲಿನೇ ಕಣೇ..."

"ನಿಮ್ಮ ಒಸಾಕಾ ಬಂದು ಅಪ್ಪನ ಸೋಪು ತೊಳೆಯುತ್ತಾ? ವಾಸನೆಯಾದ್ರೂ ನೋಡಬಾರದಿತ್ತಾ?"

"ಮೂರು ದಿನದಿಂದ ಮೂಗು ಕಟ್ಟಿದೆ."

"ಮೂಗು ಮಾತ್ರವಾ?"

ಆರು ಕೆಟಲ್ ಬಿಸಿನೀರಿನಲ್ಲಿ ಮಾವನ ಸೋಪು ಇಳಿಯಿತು. ಸೊಮಾ ಬಂದ. ಟ್ಯಾಂಕಿನ ಕೆಳಗಿನ ಗಾಜಿನ ಬಟ್ಟಲು ಬಿಚ್ಚಿ, ಅದರಲ್ಲಿ ನಿಂತಿದ್ದ ನೀರನ್ನು ಬೆಳಕಿಗೆ ಹಿಡಿದ. ನನ್ನ ಮುಖ ನೋಡದೆಯೇ ಕೇಳಿದ: "ಸಾರ್ ಪಶ್ಚಿಮದ ಕಡೆಯವರಾ?"

ನೀರು ಬಸಿದು, ಕೆಂಪು ಕ್ಯಾನ್ ಸುರಿದು, ಗಾಳಿ ಬಿಟ್ಟು, ಎಂಟು ನಿಮಿಷದಲ್ಲಿ ಬಾಯ್ಲರ್ ಹೊತ್ತಿಸಿದ. "ಬೇಜಾರು ಮಾಡ್ಕೋಬೇಡಿ. ಪ್ರತಿ ಚಳಿಗಾಲ ಇಂಥ ಒಬ್ಬರು ಅಳಿಯ ಸಿಕ್ಕೇ ಸಿಗ್ತಾರೆ" ಎಂದು ಸಮಾಧಾನವನ್ನೂ ಹೇಳಿದ.

ಚಿಝುರು ಇನ್ನೂ ಬೈಯುತ್ತಲೇ ಇದ್ದಳು. ಹತ್ತಿಯ ದಪ್ಪಂಗಿ ತೊಟ್ಟು, ತಲೆಗೆ ಟವೆಲ್ ಸುತ್ತಿಕೊಂಡು ಕೂತಿದ್ದ ಮಾವ ಕೈಯೆತ್ತಿ ತಡೆದರು.

"ಬಿಡಮ್ಮ, ತಪ್ಪು ನನ್ನದೇ. ಸಂಬಂಧ ನೋಡುವಾಗ ಸಂಬಳ ಕೇಳಿದೆ, ಕುಡೀತಾರಾ ಅಂತ ಕೇಳಿದೆ. ಕ್ಯಾನಿನ ಬಣ್ಣ ಕೇಳಲಿಲ್ಲ."